ಗ್ಯಾಸ್ ಫೀ ಎಂದರೆ ರಿಜಿಸ್ಟ್ರಿ ಫೀ

ಕೈಗೆ ಸಿಕ್ಕ ಕಾಗದವನ್ನೆಲ್ಲ ಗಟ್ಟಿಯಾಗಿ ಓದುವುದು ನನ್ನ ಹಳೆಯ ಚಾಳಿ. ಮದುವೆ ಕರೆಯೋಲೆ, ಕರೆಂಟ್ ಬಿಲ್ಲು, ಬಸ್ ಟಿಕೆಟ್ಟಿನ ಹಿಂಬದಿ, ಮಾತ್ರೆ ಪಟ್ಟಿಯ ಬೆನ್ನ ಮೇಲೆ ಇರುವೆ ಸಾಲಿನ ಹಾಗಿರುವ ಅಕ್ಷರ, ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಯವಳು ಇದಕ್ಕಾಗಿ ನನ್ನನ್ನು ಬೈಯದ ದಿನವಿಲ್ಲ. ನಮ್ಮ ಮನೆಗೆ ಯಾವ ಕಾಯಿಲೆಗೆ ಯಾವ ಮಾತ್ರೆ ಬರುತ್ತದೆ ಎಂದು ಬೀದಿಗೆಲ್ಲ ಗೊತ್ತಾಗಿರುವುದು ನನ್ನ ಬಾಯಿಂದಲೇ ಅಂತೆ.

ಮೊನ್ನೆ ಬೆಳಿಗ್ಗೆ ಟೀ ಕುಡಿಯುತ್ತಾ ಕೂತಿದ್ದಾಗ ಫೋನಿಗೊಂದು ಮೆಸೇಜು ಬಂತು. ಇಂಗ್ಲಿಷಿನಲ್ಲಿತ್ತು. ಅಭ್ಯಾಸಬಲ, ಗಟ್ಟಿಯಾಗಿ ಓದಲು ಶುರುಮಾಡಿದೆ. ನಿಮ್ಮ ವ್ಯಾಲೆಟ್ಟಿನಲ್ಲಿ ಗ್ಯಾಸ್ ಫೀ ಕಟ್ಟುವಷ್ಟು ಬ್ಯಾಲೆನ್ಸ್ ಇಲ್ಲ ಎಂದಿತ್ತು. ಅರ್ಧಕ್ಕೇ ನಾಲಿಗೆ ನಿಂತುಹೋಯಿತು. 'ಯಾಕೆ ನಿಲ್ಲಿಸಿದ್ರಿ?' ಎಂದು ಒಳಗಿನಿಂದ ಮನೆಯವಳು ಕೇಳಿದಳು. ಏನಿಲ್ಲ ಎಂದೆ. ಗ್ಯಾಸ್ ಎಂದರೆ ಅಡುಗೆಮನೆಯದಲ್ಲ, ಫೀ ಎಂದರೆ ಸ್ಕೂಲಿನದಲ್ಲ, ವ್ಯಾಲೆಟ್ ಎಂದರೆ ಜೇಬಿನದಲ್ಲ. ಇವು ಏನಲ್ಲ ಎನ್ನುವುದು ನನಗೀಗ ಚೆನ್ನಾಗಿ ಗೊತ್ತು. ಏನು ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಆ 'ಗೊತ್ತಿಲ್ಲ' ಎಂಬ ಮೂರು ಅಕ್ಷರವನ್ನು ಸರಿಯಾದ ಹೊತ್ತಿಗೆ ಆಡಿದ್ದರೆ ನಿಮ್ಮ ಮುಂದೆ ಹೀಗೆ ಕೂರುವ ಪ್ರಮೇಯ ಬರುತ್ತಿರಲಿಲ್ಲ.

ನನ್ನ ಕಸುಬು ಪತ್ರ ಬರೆಯುವುದು. ಪ್ರೇಮಪತ್ರವಲ್ಲ, ಕ್ರಯಪತ್ರ. ಗುಬ್ಬಿಯ ರಿಜಿಸ್ಟ್ರಿ ಆಫೀಸಿನ ಎದುರು ಮೂವತ್ತೆಂಟು ವರ್ಷದಿಂದ ಒಂದು ಮೇಜು, ಎರಡು ಸ್ಟೂಲು ಹಾಕಿಕೊಂಡು ಕೂತಿದ್ದೇನೆ. ಕ್ರಯ, ದಾನ, ವಿಭಾಗ, ಭೋಗ್ಯ, ವಿಲ್ಲು, ಎಲ್ಲ ಬರೆದಿದ್ದೇನೆ. ಊರಿಗೆಲ್ಲ ನಾನು ಬಾಷಣ್ಣ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪತ್ರದಲ್ಲಿ ಇವೆರಡೂ ಅಲ್ಲದ ಮೂರನೆಯದೊಂದು ಭಾಷೆ. 'ಸದರಿ ಸ್ವತ್ತನ್ನು ತಾವು ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು' ಎಂದು ನಾನು ರಾಗವಾಗಿ ಓದಿದರೆ, ಮೂರು ಗುಂಟೆ ಕೊಂಡವನೂ ಮೈಸೂರು ಸಂಸ್ಥಾನ ಕೊಂಡವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ.

ನಮ್ಮ ಕಸುಬಿನಲ್ಲಿ ಬರೆಯುವುದು ಅರ್ಧ ಕೆಲಸ. ಇನ್ನರ್ಧ ಓದಿ ಹೇಳುವುದು. ಪತ್ರದ ಕೊನೆಯಲ್ಲಿ 'ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಒಪ್ಪಿ ಸಹಿ ಮಾಡಿರುತ್ತೇನೆ' ಎಂಬ ಸಾಲಿರುತ್ತದೆ. ಅದರ ಕೆಳಗೆ ಪಾರ್ಟಿಯ ಸಹಿ ಅಥವಾ ಹೆಬ್ಬೆಟ್ಟು, ಆಮೇಲೆ ಸಾಕ್ಷಿಗಳು, ಎಲ್ಲಕ್ಕಿಂತ ಕೆಳಗೆ 'ಬಿಕ್ಕಲಂ' ಎಂದು ಬರೆದು ಅದರ ಮುಂದೆ ಬರೆದವನ ಸಹಿ. ಬರೆದವನು ನಾನು, ಓದಿ ಹೇಳಿದವನೂ ನಾನು, ಹೆಚ್ಚುಕಡಿಮೆಯಾದರೆ ಬೈಸಿಕೊಳ್ಳುವವನೂ ನಾನು ಎಂದು ಅದರ ತಾತ್ಪರ್ಯ.

ಈ ಕೆಲಸ ನಾನು ಕಲಿತದ್ದು ಕುಣಿಗಲ್ಲಿನಲ್ಲಿ, ನಮ್ಮ ಚಿಕ್ಕಪ್ಪನ ಹತ್ತಿರ. ಶಾಲೆ ರಜಾ ಬಂದರೆ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಚಿಕ್ಕಪ್ಪನ ಓರೆ ಮೇಜಿನ ಪಕ್ಕ ಚಾಪೆಯ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಾ ಇಡೀ ದಿನ ಜಮೀನುಗಳ ಚೆಕ್ಕುಬಂದಿ ಕೇಳುವುದು. ಪೂರ್ವಕ್ಕೆ ನಂಜಪ್ಪನ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ಇದೇ ನಂಬರಿನ ಉಳಿಕೆ ಜಮೀನು. ಕಣ್ಣು ಮುಚ್ಚಿದರೆ ಹೊಲ ಕಾಣಿಸುತ್ತಿತ್ತು. ಶಾಯಿಯ ವಾಸನೆಗೂ ಹಸಿ ಕಡ್ಲೆಕಾಯಿಯ ವಾಸನೆಗೂ ನನಗೆ ಇವತ್ತಿಗೂ ಏನೋ ಸಂಬಂಧ.

ಒಂದು ಸಲ ಬ್ಯಾಂಕಿನವರು ಕೊಟ್ಟ ಇಂಗ್ಲಿಷ್ ಕಾಗದವೊಂದನ್ನು ಹಿಡಿದು ಒಬ್ಬ ಗೌಡರು ಬಂದರು. ಅದರಲ್ಲಿ 'ಈಸ್‌ಮೆಂಟ್' ಎಂಬ ಪದವಿತ್ತು. 'ಅಂಗಂದ್ರೇನ್ ಸಾಬ್ರೇ?' ಎಂದು ಗೌಡರು ಕೇಳಿದರು. ಚಿಕ್ಕಪ್ಪ ಕನ್ನಡಕ ತೆಗೆದರು. 'ನಂಗೂ ಗೊತ್ತಿಲ್ಲ ಗೌಡ್ರೆ. ಕೇಳ್ಕಂಡ್ ಬರ್ತೀನಿ, ಕೂತಿರಿ' ಎಂದು ಚಪ್ಪಲಿ ಮೆಟ್ಟಿಕೊಂಡು ಉರಿಬಿಸಿಲಿನಲ್ಲಿ ಕೋರ್ಟಿನ ಕಡೆ ಹೊರಟೇಬಿಟ್ಟರು. ಪಕ್ಕದ ಮೇಜಿನ ಪತ್ರ ಬರೆಯುವವರು ನನ್ನ ಕಡೆ ನೋಡಿ ಮೀಸೆಯಡಿಯಲ್ಲೇ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ದೊಡ್ಡ ಮನುಷ್ಯ, ಎಲ್ಲರ ಎದುರಿಗೆ ಗೊತ್ತಿಲ್ಲ ಅನ್ನುವುದೇ? ಏನಾದರೂ ಒಂದು ಹೇಳಿ ಸಾಗಹಾಕಬಹುದಿತ್ತಲ್ಲ? ಎರಡು ಗಂಟೆಯ ಮೇಲೆ ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದು, 'ಓಡಾಡಕ್ಕೆ ದಾರಿ ಬುಡೋ ಹಕ್ಕಂತೆ ಗೌಡ್ರೆ. ಈಗ ಒತ್ತಿ ಹೆಬ್ಬೆಟ್ಟು' ಎಂದರು. ನಾನು ಕಸುಬು ಕಲಿತೆ. ಅದೊಂದನ್ನು ಬಿಟ್ಟು.

ಈಗ ಪತ್ರ ಬರೆಯುವವರನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಎಲ್ಲ ಕಂಪ್ಯೂಟರಿಗೆ ಬಂದಿದೆ. ಬಿಳಿ ಹಾಳೆಯ ಮೇಲೆ ಅದೇ ಮಾತು ಅಚ್ಚಾಗಿ ಬರುತ್ತದೆ, ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿದರೆ ಮುಗಿಯಿತು. ನಾನೂ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿ ತರುತ್ತೇನೆ. ಆದರೂ ಪದದ ಅರ್ಥ ಬೇಕಾದಾಗ ಜನ ನನ್ನ ಮೇಜಿಗೇ ಬರುತ್ತಿದ್ದರು. ಆಸ್ಪತ್ರೆಯ ಫಾರಂ, ಇನ್ಶೂರೆನ್ಸ್ ಕಾಗದ, ಚೀಟಿ ಕರಾರು, ಏನೇ ಇದ್ದರೂ 'ಬಾಷಣ್ಣನ ಕೈಲಿ ಒಂದ್ಸಲ ಓದಿಸ್ಬುಡಿ' ಎಂಬ ಮಾತು. ಸಂಪಾದನೆ ಇಳಿಯಿತು, ಜಂಬ ಮಾತ್ರ ಇಳಿಯಲಿಲ್ಲ.

ಜಯಮ್ಮನನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಸಿ.ಎಸ್. ಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಗುಬ್ಬಿಗೆ ಬಂದು ನಮ್ಮ ಆಫೀಸಿನ ಕಾಂಪೌಂಡಿನ ಪಕ್ಕ ತಳ್ಳುಗಾಡಿಯಲ್ಲಿ ಇಡ್ಲಿ, ಚಿತ್ರಾನ್ನ ಮಾರಲು ನಿಂತಳು. ಹದಿನಾರು ವರ್ಷವಾಯಿತು. ರಂಜಾನ್ ತಿಂಗಳಲ್ಲಿ ನನ್ನ ಮೇಜಿನ ಕಡೆ ಸಾಂಬಾರಿನ ಹೊಗೆ ಬರಬಾರದೆಂದು ಗಾಡಿಯನ್ನು ಹತ್ತು ಮಾರು ಆಚೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ನಾನು ಬೇಡವೆಂದರೂ ಕೇಳುತ್ತಿರಲಿಲ್ಲ. ಅವಳಿಗೆ ಒಂದೇ ಆಸೆ. ಎದುರು ಸಾಲಿನಲ್ಲಿ ಒಂದು ಮಳಿಗೆ ಹಿಡಿಯಬೇಕು, ತಲೆಯ ಮೇಲೆ ಸೂರಿರಬೇಕು, ಮಳೆ ಬಂದರೆ ಇಡ್ಲಿ ಪಾತ್ರೆಗೆ ಪ್ಲಾಸ್ಟಿಕ್ ಹೊದಿಸಿಕೊಂಡು ನಿಲ್ಲುವುದು ತಪ್ಪಬೇಕು. ಅದರ ಅಡ್ವಾನ್ಸಿಗೆಂದು ಚೀಟಿ ಹಾಕಿ ಎರಡು ಲಕ್ಷ ಮಾಡಿಕೊಂಡಿದ್ದಳು. ಮಳಿಗೆ ಒಂದು ವರ್ಷದಲ್ಲಿ ಖಾಲಿಯಾಗುವುದಿತ್ತು.

ಆ ಒಂದು ವರ್ಷ ದುಡ್ಡು ಸುಮ್ಮನೆ ಯಾಕಿರಬೇಕು ಎಂದು ಹೆಬ್ಬೂರಿನ ಅವಳ ನಾದಿನಿ ತಲೆಗೆ ಹುಳ ಬಿಟ್ಟಳು. ತುಮಕೂರಿನ ಸದಾಶಿವನಗರದಲ್ಲಿ ಒಂದು ಭಾನುವಾರ ಮೀಟಿಂಗು, ಏನೋ ಹೊಸ ಕಾಯಿನ್ನಂತೆ, ಹಾಕಿದ್ದು ಮೂರಾಗುತ್ತದಂತೆ. ಜಯಮ್ಮ ನನ್ನ ಮೇಜಿನ ಹತ್ತಿರ ಬಂದಳು.

'ನೀನೊಂದ್ ಮಾತು ಜೊತೆಗೆ ಬಂದು ಕೇಳ್ಕೊ ಬಾಷಣ್ಣ. ನಂಗೆ ಆ ಇಂಗ್ಲಿಷ್ ಎಲ್ಲ ಆಗಕಿಲ್ಲ. ನಿಂಗರ್ಥ ಆದ್ರೆ ನಂಗರ್ಥ ಆದಂಗೇ.'

ಹೋದೆವು. ಒಂದು ಮದುವೆ ಹಾಲು. ಕುರ್ಚಿಗೊಂದು ಖಾರಾಬೂಂದಿ ಪೊಟ್ಟಣ. ಟೈ ಕಟ್ಟಿದ ಒಬ್ಬ ಯುವಕ ಗೋಡೆಯ ಮೇಲೆ ಬೆಳಕು ಬಿಟ್ಟು ಮಾತಾಡತೊಡಗಿದ. ಬ್ಲಾಕ್‌ಚೈನ್ ಎಂದ, ಟೋಕನ್ ಎಂದ, ಮೈನಿಂಗ್ ಎಂದ, ಸ್ಮಾರ್ಟ್ ಕಾಂಟ್ರಾಕ್ಟ್ ಎಂದ, ಸ್ಟೇಕಿಂಗ್ ಎಂದ, ಗ್ಯಾಸ್ ಫೀ ಎಂದ. ನನಗೆ ಅರ್ಥವಾಗದ್ದನ್ನು ಬೆರಳು ಮಡಿಸಿ ಎಣಿಸತೊಡಗಿದೆ. ಬಲಗೈ ಮುಗಿದು ಎಡಗೈಗೆ ಬಂತು. ಅಷ್ಟರಲ್ಲಿ ಅವನು, 'ಡೌಟ್ಸ್ ಇದ್ರೆ ಕೇಳಿ, ಸಂಕೋಚ ಬೇಡ' ಎಂದ. ಕೈ ಎತ್ತೋಣವೆಂದು ಹಿಂದೆ ತಿರುಗಿ ನೋಡಿದೆ. ನಾನು ಪತ್ರ ಬರೆದುಕೊಟ್ಟ ಏಳೆಂಟು ಮಂದಿ ಅಲ್ಲೇ ಕೂತಿದ್ದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನನ್ನುತ್ತೇನೆ ಎಂದು ಕಾಯುತ್ತಿದ್ದರು ಅನ್ನಿ.

ಟೈಯವನಿಗೆ ಯಾರೋ ನನ್ನ ಕಸುಬು ಹೇಳಿಬಿಟ್ಟಿದ್ದರು. 'ಸರ್, ನೀವು ಡಾಕ್ಯುಮೆಂಟ್ ಲೈನಲ್ಲೇ ಇದೀರಂತೆ. ನಿಮಗಿದು ಬೇಗ ಅರ್ಥ ಆಗುತ್ತೆ ಅಲ್ವಾ ಸರ್?' ಎಂದ.

'ಆಯ್ತು, ಆಯ್ತು. ಇದೆಲ್ಲ ನಮ್ದೇ ಲೈನು' ಎಂದೆ.

ಮಡಿಸಿದ್ದ ಬೆರಳುಗಳನ್ನು ಮೆಲ್ಲಗೆ ಬಿಚ್ಚಿಕೊಂಡೆ. ಖಾರಾಬೂಂದಿ ತಿಂದೆ.

ಗುಬ್ಬಿಗೆ ವಾಪಸು ಬರುವ ಬಸ್ಸಿನಲ್ಲಿ ಜಯಮ್ಮ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಒಂದೊಂದೇ ಪದ ಕೇಳುತ್ತಾ ಬಂದಳು. ನಾನು ಒಂದೊಂದಕ್ಕೂ ಅರ್ಥ ಹೇಳುತ್ತಾ ಬಂದೆ. ಇಲ್ಲಿ ನನ್ನ ಪಾಂಡಿತ್ಯವನ್ನು ನೀವು ಮೆಚ್ಚಬೇಕು. ಬ್ಲಾಕ್‌ಚೈನ್ ಎಂದರೆ ನಮ್ಮ ಜಮೀನಿನ ಇ.ಸಿ. ಇದ್ದಂಗೆ, ಯಾರಿಂದ ಯಾರಿಗೆ ಹೋಯ್ತು ಅಂತ ಸಾಲಾಗಿ ಬರೆದಿರುತ್ತೆ, ತಿದ್ದಕ್ಕಾಗಲ್ಲ ಎಂದೆ. ವ್ಯಾಲೆಟ್ ಎಂದರೆ ಖಾತೆ. ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಕರಾರು ಪತ್ರ, ಸಾಕ್ಷಿ ಬೇಡ ಅಷ್ಟೇ. 'ಮತ್ತೆ ಆ ಗ್ಯಾಸ್ ಫೀ?' ಎಂದಳು. ಹೆಗ್ಗೆರೆ ದಾಟುತ್ತಿತ್ತು ಬಸ್ಸು. 'ಅದು ರಿಜಿಸ್ಟ್ರಿ ಫೀ ಕಣಮ್ಮ' ಎಂದೆ.

ಅವಳ ಮುಖ ಅರಳಿತು. 'ಅಂಗಾದ್ರೆ ಗಟ್ಟಿ ಬುಡು' ಎಂದಳು.

ಯಾಕೆ ಗಟ್ಟಿ ಎಂದುಕೊಂಡಳು ಎಂದು ನನಗೆ ಆಗ ಹೊಳೆಯಲಿಲ್ಲ. ಹದಿನಾರು ವರ್ಷ ಅವಳು ನೋಡಿದ್ದು ಏನು? ರಿಜಿಸ್ಟ್ರಿ ಫೀ ಕಟ್ಟಿ ಹೊರಗೆ ಬಂದವರು ಅವಳ ಗಾಡಿಯ ಮುಂದೆ ನಿಂತು ನಿಶ್ಚಿಂತೆಯಿಂದ ಇಡ್ಲಿ ತಿನ್ನುವುದು. ಫೀ ಕಟ್ಟಿದರೆ ಆಫೀಸಿನಲ್ಲಿ ಒಂದು ಪುಸ್ತಕದಲ್ಲಿ ಹೆಸರು ಕೂರುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆ ಟೈಯವನ ಪದಗಳಿಗೆ ಬರಿ ಹೊಳಪಿತ್ತು. ನನ್ನ ಪದಗಳಿಗೆ ಸೀಲು, ಸಹಿ, ಹಳೆಯ ಬೀರುವಿನ ವಾಸನೆ ಎಲ್ಲ ಇತ್ತು. ಅವನ ಸರಕಿಗೆ ಸರ್ಕಾರದ ಮುದ್ರೆ ಹೊಡೆದುಕೊಟ್ಟವನು ನಾನು. ಅದಕ್ಕೆ ಅವನು ನನಗೆ ಕೊಟ್ಟದ್ದು ಒಂದು ಪೊಟ್ಟಣ ಖಾರಾಬೂಂದಿ.

ಜಯಮ್ಮ ಎರಡು ಲಕ್ಷ ಹಾಕಿದಳು. ನಾನು ಐದು ಸಾವಿರ ಹಾಕಿದೆ. ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ನನಗೆ ನಿಜವಾಗಿ ಎಷ್ಟು ನಂಬಿಕೆಯಿತ್ತು ಎನ್ನುವುದನ್ನು ನನ್ನ ಬಾಯಿ ಹೇಳಲಿಲ್ಲ, ಆ ಐದು ಸಾವಿರ ಹೇಳುತ್ತದೆ.

ಮೊದಲು ಎರಡು ತಿಂಗಳು ಫೋನಿನಲ್ಲಿ ಹಸಿರು ಬಣ್ಣದ ಅಂಕಿ ಏರುತ್ತಲೇ ಹೋಯಿತು. ಬೆಳಿಗ್ಗೆ ಇಡ್ಲಿ ಕೊಡುವಾಗ ಫೋನನ್ನೂ ಮುಂದೆ ಹಿಡಿದು, 'ಓದು ಬಾಷಣ್ಣ' ಎನ್ನುತ್ತಿದ್ದಳು. ನಾನು ಕ್ರಯಪತ್ರದ ರಾಗದಲ್ಲೇ ಓದುತ್ತಿದ್ದೆ. ನಾಲ್ಕು ಲಕ್ಷದ ಹನ್ನೆರಡು ಸಾವಿರ ಚಿಲ್ಲರೆ. ಸುತ್ತ ನಿಂತವರೂ ಕೇಳುತ್ತಿದ್ದರು. ನನಗೂ ಸುಖವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಣ್ಣ ಕೆಂಪಾಯಿತು. ತೆಗೆದುಬಿಡೋಣ ಎಂದಳು. ತೆಗೆಯಲು ಹೋದರೆ ಫೀ ಕಟ್ಟಬೇಕು ಎಂದಿತು. ಆ ಫೀಯನ್ನು ರೂಪಾಯಿಯಲ್ಲಿ ಕಟ್ಟುವ ಹಾಗಿಲ್ಲ, ಆ ಕಾಯಿನ್ನಿನಲ್ಲೂ ಕಟ್ಟುವ ಹಾಗಿಲ್ಲ, ಬೇರೆ ಇನ್ನೊಂದು ಕಾಯಿನ್ನು ಕೊಂಡು ಅದರಲ್ಲಿ ಕಟ್ಟಬೇಕು. ಯಾಕೆ ಎಂದು ಅವಳು ಕೇಳಿದಳು. 'ಛಾಪಾ ಕಾಗದ ಬೇರೆ ಕಡೆ ಕೊಂಡು ತರ್ತಿರ್ಲಿಲ್ವಾ, ಹಂಗೆ' ಎಂದೆ. ಕೊಂಡಳು. ಕಟ್ಟಿದಳು. ವ್ಯವಹಾರ ಫೇಲಾಯಿತು, ಫೀ ಮಾತ್ರ ಹೋಯಿತು. ಈಗ ಗಲಾಟೆ ಜಾಸ್ತಿ, ಫೀ ಹೆಚ್ಚಿಟ್ಟರೆ ಬೇಗ ಆಗುತ್ತದೆ ಎಂದು ಪರದೆಯ ಮೇಲೆ ಬಂತು. ಅದು ರೈಲಿನ ತತ್ಕಾಲ್ ಟಿಕೆಟ್ ಇದ್ದ ಹಾಗೆ ಎಂದೆ. ಎರಡನೆಯ ಸಲವೂ ಕಟ್ಟಿದಳು, ಮೂರನೆಯ ಸಲವೂ ಕಟ್ಟಿದಳು. ಅಷ್ಟರಲ್ಲಿ ಆ ಕಾಯಿನ್ನನ್ನು ಕೊಳ್ಳುವವರೇ ಇಲ್ಲವಾದರು. ಸದಾಶಿವನಗರದ ಹಾಲಿಗೆ ಹೋಗಿ ವಿಚಾರಿಸಿದರೆ, ಬಾಡಿಗೆ ಕೊಟ್ಟಿದ್ದಷ್ಟೇ ನಮಗೆ ಗೊತ್ತು ಎಂದರು ಅವರು, ಪಾಪ. ಟೈಯವನ ಫೋನು ಸ್ವಿಚ್ ಆಫ್.

ನಿಮ್ಮಲ್ಲಿ ತಿಳಿದವರಿದ್ದರೆ ನನಗೆ ಹೇಳಿ, ಈಗಲಾದರೂ ಕೇಳುತ್ತೇನೆ. ಮಣ್ಣೇ ಇಲ್ಲದ ಕಡೆ ಗಣಿ ಹೇಗೆ ತೋಡುತ್ತಾರೆ? ಆಗದೇ ಹೋದ ಕೆಲಸಕ್ಕೆ ಫೀ ಹಿಡಿದುಕೊಳ್ಳುವುದು ಯಾವ ನ್ಯಾಯ? ನಮ್ಮಲ್ಲಿ ಛಾಪಾ ಕಾಗದ ಕೊಂಡು ವ್ಯವಹಾರ ಮುರಿದುಬಿದ್ದರೆ ಅರ್ಜಿ ಹಾಕಿಕೊಂಡು, ನಾಲ್ಕು ಸಲ ಅಲೆದು, ಒಂದಿಷ್ಟು ಮುರಿದುಕೊಂಡಾದರೂ ದುಡ್ಡು ವಾಪಸು ಬರುತ್ತದೆ. ಇಲ್ಲಿ ಅರ್ಜಿ ಯಾರಿಗೆ ಹಾಕುವುದು? ಆ ಫೀ ತಿಂದವರು ಯಾರು, ಯಾವ ಊರಿನವರು, ಅವರಿಗೆ ಗೊತ್ತೇ ಅದು ಇಡ್ಲಿ ಮಾರಿದ ದುಡ್ಡೆಂದು? ತಿದ್ದಲಾಗದ ದಾಖಲೆ ಎನ್ನುತ್ತಾರೆ. ಸರಿ, ತಪ್ಪಾಗಿ ಬರೆದದ್ದನ್ನೂ ತಿದ್ದಲಾಗದು ಅಂತ ತಾನೇ? ನಮ್ಮಲ್ಲಿ ತಿದ್ದುಪಡಿ ಪತ್ರ ಅಂತಲೇ ಒಂದಿದೆ. ಮನುಷ್ಯ ಅಂದಮೇಲೆ ತಪ್ಪು ಬರೆಯುತ್ತಾನೆ ಎಂದು ಗೊತ್ತಿದ್ದವರು ಮಾಡಿದ ಏರ್ಪಾಡು ಅದು.

ಈ ಪ್ರಶ್ನೆಗಳನ್ನೆಲ್ಲ ಕೇಳಬೇಕಾಗಿದ್ದದ್ದು ಆ ಭಾನುವಾರ. ಈಗ ಕೇಳುವುದು ಬರೀ ಬಾಯಿಚಪಲ.

ಮಳಿಗೆ ಖಾಲಿಯಾಯಿತು, ಮೊಬೈಲ್ ಕವರು ಮಾರುವವರು ಹಿಡಿದರು. ಜಯಮ್ಮ ಗಾಡಿಯಲ್ಲೇ ಇದ್ದಾಳೆ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅವಳ ದುಡ್ಡಿನ ಮಾತೆತ್ತಿದರೆ, 'ಚಟ್ನಿ ಹಾಕ್ಲಾ?' ಎನ್ನುತ್ತಾಳೆ. ತಿಂಗಳಿಗಿಷ್ಟು ಅಂತ ನಾನು ಕೊಡುತ್ತೇನೆ ಎಂದು ಒಮ್ಮೆ ನೋಟು ಚಾಚಿದೆ. 'ನೀನೇನ್ ತಿಂದ್ಯಾ ಬಾಷಣ್ಣ? ಬುಡು' ಎಂದು ಕೈ ತಳ್ಳಿದಳು. ಒತ್ತಾಯ ಮಾಡಲಿಲ್ಲ ನಾನು. ಮಾಡಬೇಕಾಗಿತ್ತು.

ಇಷ್ಟು ಹೊತ್ತು ಕುಣಿಗಲ್ಲು, ಕಡ್ಲೆಕಾಯಿ, ಛಾಪಾ ಕಾಗದ ಎಂದು ಸುತ್ತಿ ಬಳಸಿ ಮಾತಾಡಿದ್ದು, ಇನ್ನೊಂದು ವಿಷಯ ಹೇಳಲು ಬಾಯಿ ಬಾರದೆ. ನಮ್ಮ ಮನೆಯವಳಿಗೂ ಇದನ್ನು ಹೇಳಿಲ್ಲ.

ದುಡ್ಡು ಹೋದ ಹದಿನೈದು ದಿನಕ್ಕೆ, ಒಂದು ಸೋಮವಾರ. ಆಫೀಸಿನಲ್ಲಿ ಕಾಲಿಡಲು ಜಾಗವಿಲ್ಲ. ಅಣ್ಣತಮ್ಮಂದಿರ ಒಂದು ವಿಭಾಗ ಪತ್ರವಿತ್ತು, ಇಬ್ಬರನ್ನೂ ಕರೆದುಕೊಂಡು ಒಳಗೆ ಹೋದೆ. ಕೌಂಟರಿನ ಮುಂದೆ ಜಯಮ್ಮ ನಿಂತಿದ್ದಳು. ಗಾಡಿಯ ಹತ್ತಿರ ಉಡುವ ಸೀರೆಯಲ್ಲ, ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿ ರೂಲು ಹಾಳೆ. ಪ್ರತಿ ಸಲ ಫೀ ಕಟ್ಟಿದಾಗಲೂ ಫೋನಿನಲ್ಲಿ ಅರವತ್ತು ಚಿಲ್ಲರೆ ಅಕ್ಷರ, ಅಂಕಿ ಕಲಸಿದ ಉದ್ದನೆಯ ನಂಬರೊಂದು ಬರುತ್ತಿತ್ತು. ಇದು ನಿನ್ನ ದಸ್ತಾವೇಜು ನಂಬರು ಎಂದು ಅವಳಿಗೆ ಹೇಳಿದ್ದವನೂ ನಾನೇ. ಇಂಗ್ಲಿಷ್ ಬಾರದ ಅವಳು ಆ ಮೂರು ನಂಬರುಗಳನ್ನೂ ಬಾಲ್ ಪೆನ್ನಿನಲ್ಲಿ ಒಂದೊಂದೇ ಅಕ್ಷರ ನೋಡಿ ನೋಡಿ, ರಂಗೋಲಿ ಬಿಡಿಸುವ ಹಾಗೆ ಬಿಡಿಸಿಕೊಂಡು ಬಂದಿದ್ದಳು.

'ನಕಲು ಬೇಕಿತ್ತು ಸಾ' ಎನ್ನುತ್ತಿದ್ದಳು. 'ಇದು ನಂಬರು. ಫೀ ಮೂರು ಸತಿ ಕಟ್ಟಿದೀನಿ.'

ಗುಮಾಸ್ತರು ಹಾಳೆಯನ್ನು ಹಿಂದುಮುಂದು ತಿರುಗಿಸಿ ನೋಡಿದರು. 'ಯಾವ ಸರ್ವೆ ನಂಬರಮ್ಮ?'

'ಜಮೀನಲ್ಲ ಸಾ. ಕಾಯಿನ್ನು.'

ಹಿಂದೆ ನಿಂತಿದ್ದ ಒಬ್ಬ ಬ್ರೋಕರು ಮೊದಲು ನಕ್ಕ. 'ಕಾಯಿನ್ನಿಗೂ ಖಾತೆ ಮಾಡಿಸ್ಕೊಡಿ ಸಾರ್, ಚೆಕ್ಕುಬಂದಿ ನಾವ್ ಹಾಕ್ತೀವಿ' ಎಂದ ಇನ್ನೊಬ್ಬ. ನಗು ಸಾಲಿನುದ್ದಕ್ಕೂ ಹರಡಿತು. ಗುಮಾಸ್ತರು ನಗಲಿಲ್ಲ. ಹಾಳೆ ಮಡಿಸಿ ಅವಳ ಕೈಗೆ ಕೊಡುತ್ತಾ, 'ಇದು ನಮ್ಮಲ್ಲಿ ರಿಜಿಸ್ಟ್ರಿ ಆಗಲ್ಲಮ್ಮ. ಇಲ್ಲಿ ಸಿಗುತ್ತೆ ಅಂತ ಯಾರು ಹೇಳಿದ್ದು ನಿಮಗೆ?' ಎಂದರು.

ಜಯಮ್ಮ ತಿರುಗಿದಳು. ಆ ಇಬ್ಬರು ಅಣ್ಣತಮ್ಮಂದಿರ ನಡುವೆ ಫೈಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿದಳು. ನಾಲ್ಕು ಹೆಜ್ಜೆ ದೂರ. ನಾನು ಹೇಳಿದ್ದು ಎನ್ನಲು ಬೇಕಾದಷ್ಟು ಹೊತ್ತು ಇತ್ತು.

'ಯಾರೂ ಹೇಳ್ಲಿಲ್ಲ ಸಾ' ಎಂದಳು. 'ನಂಗೇ ತಿಳಿವಳ್ಕೆ ಸಾಲ್ದು.'

ಮತ್ತೊಮ್ಮೆ ನಗು ಎದ್ದಿತು. ನನ್ನ ಪಾರ್ಟಿಯವನು ಮೊಣಕೈಯಲ್ಲಿ ನನ್ನನ್ನು ತಿವಿದು, 'ಎಂತೆಂಥ ಜನ ಇರ್ತಾರೆ ನೋಡು ಬಾಷಣ್ಣ' ಎಂದ.

ನಾನೂ ನಕ್ಕೆ. ಜಯಮ್ಮ ಇನ್ನೂ ನನ್ನ ಕಡೆಯೇ ನೋಡುತ್ತಿದ್ದಳು.